ಕೆಂಪು ತೆಳ್ಳಗಾದ ಮಳೆಗಾಲ

ಇವತ್ತು ಬೆಳಿಗ್ಗೆ ನನ್ನ ಹೆಂಡತಿ ಕಮಲ ಹೊಸದೊಂದು ಕುಂಕುಮದ ಭರಣಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು, ಎಡಗಣ್ಣಿನಲ್ಲಿ ನೋಡಿ, "ರೀ, ಕೆಂಪು ಒಸಿ ತೆಳ್ಳಗೈತೆ" ಅಂದಳು. ಅಂದವಳು ಭರಣಿಯನ್ನು ಅಲ್ಲೇ ಇಟ್ಟು ಉಕ್ಕುತ್ತಿದ್ದ ಹಾಲು ಇಳಿಸಲು ಒಳಗೆ ಹೋದಳು. ಬೇರೆ ಮನೆಗಳಲ್ಲಿ ಇಂಥ ಮಾತಿಗೆ ಗಂಡಂದಿರು ಪೇಪರಿನಿಂದ ತಲೆ ಎತ್ತುವುದಿಲ್ಲ. ನಾನು ಕಾಫಿಯನ್ನು ಮುಟ್ಟದೆ ಬಿಟ್ಟು, ಭರಣಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡು, ಖಲೀಲ್ ಸಾಬರ ಕಾರ್ಖಾನೆಯ ಕಡೆ ಹೊರಟೆ. ಬಾಗಿಲ ಹಿಂದೆ ಬೆಂಗಳೂರಿನ ಆಸ್ಪತ್ರೆಗೆಂದೇ ಕಟ್ಟಿಟ್ಟ ಚೀಲ ವರ್ಷಗಳಿಂದ ತೂಗುತ್ತಿದೆ. ಹೊರಡುವಾಗ ಅದನ್ನು ನೋಡಬಾರದೆಂದುಕೊಂಡೇ ನೋಡಿದೆ.

ಎರಡು ಓಣಿ ದಾಟಿದರೆ ಮರದ ಬೊಂಬೆ, ಭರಣಿ ಮಾಡುವ ಖಲೀಲ್ ಸಾಬರ ಕಾರ್ಖಾನೆ. ಕಾರ್ಖಾನೆಯೆಂದರೆ ತಗಡಿನ ಸೂರು, ನಾಲ್ಕು ಲೇತು, ಮೂಲೆಯಲ್ಲಿ ಒಣಗಲಿಟ್ಟ ಆಲೆ ಮರದ ತುಂಡುಗಳು. ತಿರುವಿನಲ್ಲೇ ಕಾದ ಅರಗಿನ ವಾಸನೆ ಮೂಗಿಗೆ ಬಡಿಯಿತು. ತಳ ಹತ್ತಿದ ಬೆಲ್ಲದ ಪಾಕಕ್ಕೆ ಯಾರೋ ಧೂಪ ಹಾಕಿದಂಥ ವಾಸನೆ. ಚನ್ನಪಟ್ಟಣದಲ್ಲಿ ಹುಟ್ಟಿದವರಿಗೆ ಇದು ವಾಸನೆಯೆಂದೇ ಅನ್ನಿಸುವುದಿಲ್ಲ, ಗಾಳಿ ಅನ್ನಿಸುತ್ತದೆ. ನನಗೆ ಮಾತ್ರ ಐದಾರು ವರ್ಷದಿಂದ ಇದು ಒಂದು ಮಳೆಗಾಲದ ವಾಸನೆ.

ನನ್ನ ಪರಿಚಯ ಹೇಳಿಬಿಡುತ್ತೇನೆ. ನಾನು ನೋಂದಣಿ ಕಚೇರಿಯ ಎದುರಿಗೆ ಕೂರುವ ಪತ್ರ ಬರಹಗಾರ. ಕ್ರಯ, ದಾನ, ಭೋಗ್ಯ, ಪಾಲು ಪಾರೀಖತ್ತು ಎಲ್ಲವನ್ನೂ ಬರೆದು, ಕೊನೆಯಲ್ಲಿ ಬಿಕ್ಕಲಂ, ಅಂದರೆ ಬರೆದ ಕೈ ಇಂಥವನದು, ಎಂದು ನನ್ನ ಹೆಸರು ಹಾಕುವವನು. ಊರಿನವರ ಬಾಯಲ್ಲಿ ರೈಟ್ರು. ಸದರಿ ರೈಟರ ಧರ್ಮಪತ್ನಿಯಾದ ಕಮಲ ಮದುವೆಯಾಗಿ ಬಂದ ಹೊಸದರಲ್ಲಿ ಇದೇ ಕಾರ್ಖಾನೆಯಲ್ಲಿ ಲೇತಿನ ಕೆಲಸ ಕಲಿತಳು. ನಾನು ಊರಿನ ಜಗಳಗಳನ್ನು ಕಾಗದಕ್ಕಿಳಿಸಿ ಸಂಸಾರ ನಡೆಸಿದರೆ ಅವಳು ಭರಣಿ ಕಡೆದು ನಡೆಸಿದಳು. ಇಬ್ಬರಲ್ಲಿ ಯಾರ ಕೆಲಸದಿಂದ ಲೋಕಕ್ಕೆ ಸಂತೋಷವಾಯಿತು ಎಂಬ ಪ್ರಶ್ನೆಯನ್ನು ಅವಳು ಆಗಾಗ ಎತ್ತುತ್ತಾಳೆ.

ಕಮಲಳ ಕೆಂಪಿಗೆ ಹೆಸರಿತ್ತು. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಕಾವಿಗೇ ಅರಗು ಕರಗಿ ಮೆತ್ತಿಕೊಳ್ಳುತ್ತದೆ. ಮೇಲೆ ಒಣಗಿದ ತಾಳೆಗರಿ ಒತ್ತಿ ಹಿಡಿದರೆ ಹೊಳಪು ಬರುತ್ತದೆ. ಇಷ್ಟನ್ನು ಎಲ್ಲರೂ ಮಾಡುತ್ತಾರೆ. ಕಮಲ ಇದಾದ ಮೇಲೆ ಭರಣಿಯನ್ನು ಬಾಗಿಲ ಬೆಳಕಿಗೆ ಎತ್ತಿ, ಎಡಗಣ್ಣು ಮುಚ್ಚಿ, ಬಲಗಣ್ಣಿನಲ್ಲಿ ಗುರಿ ಹಿಡಿದವಳಂತೆ ಅದರ ಅಂಚಿನುದ್ದಕ್ಕೂ ನೋಡುತ್ತಿದ್ದಳು. ಬಣ್ಣ ಸಮವಾಗಿ ಹತ್ತಿದೆಯೋ ಇಲ್ಲವೋ ಎಂಬುದಕ್ಕೆ ಅವಳ ಬಲಗಣ್ಣೇ ಕೊನೆಯ ತೀರ್ಪು. ಅದರ ಮೇಲೆ ಅಪೀಲು ಇರಲಿಲ್ಲ.

ಆ ವರ್ಷ ಶ್ರಾವಣ ಕಳೆದರೂ ಮಳೆ ಬಿಡಲಿಲ್ಲ. ಜೋರಾಗಿ ಬಂದು ಹೋಗುವ ಮಳೆಯಲ್ಲ, ಮನೆಗೆ ಬಂದ ದೂರದ ನೆಂಟನ ಹಾಗೆ ಸಣ್ಣಗೆ ಗೊಣಗುತ್ತ ಕೂತಿದ್ದ ಮಳೆ. ದಸರಾ ಬೊಂಬೆಗಳ ಕೆಲಸ ತಲೆಯ ಮೇಲಿತ್ತು. ಮರ ಒಣಗುತ್ತಿರಲಿಲ್ಲ, ಕರೆಂಟು ಸರಿಯಾಗಿ ಇರುತ್ತಿರಲಿಲ್ಲ. ಥಂಡಿಯ ದಿನಗಳಲ್ಲಿ ಅರಗಿಗೂ ಒಂದು ಕಾಯಿಲೆ ಬರುತ್ತದೆ. ತೇವ ಹಿಡಿದು, ಬಣ್ಣದ ಮೇಲೆ ಹಾಲಿನ ಕೆನೆಯಂತೆ ಒಂದು ಬಿಳುಪು ಕಟ್ಟುತ್ತದೆ. ಇದು ಊರಿನ ಮಕ್ಕಳಿಗೂ ಗೊತ್ತಿರುವ ವಿಷಯ. ಗೊತ್ತಿದ್ದುದೇ ನಮ್ಮ ಗ್ರಹಚಾರವಾಯಿತು.

ಒಂದು ಮಧ್ಯಾಹ್ನ ಊಟಕ್ಕೆ ಕರೆಯಲು ಹೋದಾಗ ಕಮಲ ಭರಣಿಯೊಂದನ್ನು ಹಿಡಿದು ಖಲೀಲ್ ಸಾಬರ ಜತೆ ವಾದಕ್ಕಿಳಿದಿದ್ದಳು.

"ನೋಡಿ ಸಾಬ್ರೇ, ಸುಮ್ನೆ ನೋಡಿದ್ರೆ ಪರ್ವಾಗಿಲ್ಲ. ಗುರಿ ಹಿಡ್ದು ನೋಡಿದ್ರೆ ಬೆಳ್ಳಗೈತೆ. ಸುಣ್ಣದ ನೀರು ಬಳ್ದಂಗೆ."

"ಥಂಡಿ ಹಿಡ್ದೈತೆ ಕಮಲಮ್ಮ. ಕಡ್ಡಿನ ಒಲೆ ಪಕ್ಕ ಇಟ್ಟು ಒಣಗ್ಸು."

"ಒಣಗ್ಸಿದ್ದೂ ಆಯ್ತು."

"ಹಂಗಾದ್ರೆ ಬಣ್ಣ ಕೊಟ್ಟೋನೇ ಮೋಸ ಮಾಡವ್ನೆ" ಎಂದರು ಖಲೀಲ್ ಸಾಬರು. ಪಕ್ಕದ ಲೇತಿನಲ್ಲಿದ್ದ ನಸೀಮಾ, ತನ್ನ ಹಸಿರೂ ಹಾಗೇ ಬಿಳಿಚಿಕೊಂಡಿದೆ, ಮಳೆ ನಿಲ್ಲದೆ ಯಾವ ಬಣ್ಣವೂ ನಿಲ್ಲುವುದಿಲ್ಲ ಎಂದು ತೀರ್ಮಾನ ಕೊಟ್ಟಳು. ನಸೀಮಾಳ ಹಸಿರು ನಿಜವಾಗಿಯೂ ಬಿಳಿಚಿಕೊಂಡಿತ್ತು. ಹೀಗೆ ಒಂದು ಸತ್ಯ ಇನ್ನೊಂದು ಸುಳ್ಳಿಗೆ ಜಾಮೀನು ನಿಂತಿತು.

ಒಂದು ವಾರಕ್ಕೂ ಹೆಚ್ಚು ಆ ಕಾರ್ಖಾನೆಯಲ್ಲಿ ಕೆಂಪಿನ ಚಿಕಿತ್ಸೆ ನಡೆಯಿತು. ಬಣ್ಣದ ಪುಡಿ ಬದಲಾಯಿತು. ಅರಗು ಬದಲಾಯಿತು. ಹೊಸ ಗರಿ ಬಂತು. ಕಮಲ ಕಾಸಿದ ಅರಗಿಗೆ ಇನ್ನಷ್ಟು, ಮತ್ತಷ್ಟು ಬಣ್ಣ ಕಲಸಿ ನಾದಿದಳು. ಈ ಮಧ್ಯೆ ಅವಳಿಗೆ ಬಲಗಣ್ಣಿನ ಹಿಂದೆ ನೋವು ಶುರುವಾಗಿತ್ತು. ಕಣ್ಣು ಹೊರಳಿಸಿದರೆ ಒಳಗೆ ಯಾರೋ ದಾರ ಕಟ್ಟಿ ಎಳೆದಂತಾಗುತ್ತಿತ್ತಂತೆ. ಅದಕ್ಕೇ ಅವಳು ಕಣ್ಣು ಹೊರಳಿಸುವುದನ್ನೇ ಬಿಟ್ಟು ಇಡೀ ತಲೆಯನ್ನು ತಿರುಗಿಸಿ ನೋಡತೊಡಗಿದಳು.

"ಏನೇ ಇದು, ತಪಾಸಣೆಗೆ ಬಂದ ಸಾಹೇಬ್ರಂಗೆ ಕತ್ತು ತಿರುಗಿಸ್ತೀಯ?" ಅಂದೆ ಊಟಕ್ಕೆ ಕೂತಾಗ.

"ಲೇತಿನ ಧೂಳು ಬಿದ್ದೈತೆ. ನೀವು ತಿನ್ನಿ."

ನೆತ್ತಿಗೆ ಹರಳೆಣ್ಣೆ ತಟ್ಟಿಕೊಂಡಳು. ಥಂಡಿಗೆ ಅರಗು ಕೆಡುತ್ತದೆ, ಧೂಳಿಗೆ ಕಣ್ಣು ನೋಯುತ್ತದೆ. ಎರಡಕ್ಕೂ ಸಕಾರಣ ಸಿಕ್ಕಿದ್ದರಿಂದ ಎರಡನ್ನೂ ಒಟ್ಟಿಗೆ ಇಟ್ಟು ನೋಡುವ ಯೋಚನೆ ಯಾರಿಗೂ ಬರಲಿಲ್ಲ.

ಕೊನೆಗೆ ಆ ಭರಣಿಗಳನ್ನು ಪೆಟ್ಟಿಗೆಗೆ ತುಂಬುವ ಹೊತ್ತಿಗೆ ಖಲೀಲ್ ಸಾಬರು ಒಂದನ್ನು ಕೈಗೆತ್ತಿಕೊಂಡರು. ಅವತ್ತು ಅಪರೂಪಕ್ಕೆ ಬಿಸಿಲು ಬಿದ್ದಿತ್ತು. ನಾನೂ ಅಲ್ಲೇ ಇದ್ದೆ.

"ಏನಮ್ಮಾ ಇದು. ಇದು ಕೆಂಪಾ? ಒಣಗಿದ ರಕ್ತ ಇದ್ದಂಗೈತೆ."

"ಇವಾಗ್ಲೂ ತೆಳ್ಳಗೇ ಐತಲ್ಲ ಸಾಬ್ರೇ."

ಖಲೀಲ್ ಸಾಬರು ನಗಲಿಲ್ಲ. "ನಾನು ಎಡಗಣ್ಣಲ್ಲಿ ಗುರಿ ನೋಡೋನು. ನೀನೂ ಒಂದ್ಸಲ ಎಡಗಣ್ಣಲ್ಲಿ ನೋಡು" ಅಂದರು.

ಅಷ್ಟು ವರ್ಷಗಳಲ್ಲಿ ಮೊದಲ ಸಲ ಕಮಲ ಬಲಗಣ್ಣು ಮುಚ್ಚಿ ಎಡಗಣ್ಣಿನಲ್ಲಿ ಭರಣಿಯನ್ನು ನೋಡಿದಳು. ಆಮೇಲೆ ಎಡಗಣ್ಣು ಮುಚ್ಚಿ ಬಲಗಣ್ಣಿನಲ್ಲಿ. ಮತ್ತೆ ಎಡಗಣ್ಣಿನಲ್ಲಿ. ನಸೀಮಾ ಲೇತು ನಿಲ್ಲಿಸಿದಳು. ಕಮಲ ಭರಣಿಯನ್ನು ಮಣೆಯ ಮೇಲಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ನನ್ನ ಕಡೆ ಇಡೀ ತಲೆಯನ್ನು ತಿರುಗಿಸಿ, "ಬಣ್ಣದ್ದಲ್ಲ ರೀ" ಅಂದಳು.

ರಾಮನಗರದ ಕಣ್ಣಿನ ಡಾಕ್ಟರು ಒಂದು ಕಣ್ಣಿಗೆ, ಮತ್ತೊಂದು ಕಣ್ಣಿಗೆ, ಮತ್ತೆ ಮೊದಲಿನದಕ್ಕೆ ಟಾರ್ಚು ಬಿಟ್ಟು ನೋಡಿ, ಕಣ್ಣಿನ ಗುಡ್ಡೆಗೆ ಏನೂ ಆಗಿಲ್ಲ, ಹಿಂದಿನ ನರ ಊದಿಕೊಂಡಿದೆ ಎಂದರು. ಬೆಂಗಳೂರಿನ ಆಸ್ಪತ್ರೆಯೊಂದಕ್ಕೆ ನಾಳೆಯೇ ಹೋಗಿ ಅಂದರು. ಬೆಳಗಿನ ರೈಲಿನಲ್ಲಿ ಕೆಲಸಕ್ಕೆ ಹೋಗುವವರ ನಡುವೆ ನಿಂತು ಹೋದೆವು. ಕಮಲ ಕಿಟಕಿಯ ಕಡೆ ಒಂದು ಕಣ್ಣು ಮುಚ್ಚಿ, ತೆಗೆದು, ಮುಚ್ಚಿ ನೋಡುತ್ತಿದ್ದಳು. ಎದುರಿಗೆ ಕೂತಿದ್ದ ಒಬ್ಬ ಗೌರವಸ್ಥ ಮನುಷ್ಯ ತನಗೇ ಕಣ್ಣು ಹೊಡೆಯುತ್ತಿದ್ದಾಳೆಂದು ತಿಳಿದು ಜಾಗ ಬದಲಾಯಿಸಿದ. ನಮಗೊಂದು ಸೀಟು ಸಿಕ್ಕಿತು.

ಆಸ್ಪತ್ರೆಯಲ್ಲಿ ಅವಳನ್ನು ಒಂದು ಬಿಳಿ ಬೋಗುಣಿಯಂಥ ಯಂತ್ರದ ಮುಂದೆ ಕೂರಿಸಿ, ಬೆಳಕಿನ ಚುಕ್ಕಿ ಕಂಡಾಗಲೆಲ್ಲ ಗುಂಡಿ ಒತ್ತಿ ಎಂದರು. ಎಡಗಣ್ಣಿನ ಸರದಿಯಲ್ಲಿ ಗುಂಡಿ ಟಕಟಕ ಅನ್ನುತ್ತಿತ್ತು. ಬಲಗಣ್ಣಿನ ಸರದಿ ಬಂದಾಗ ಆ ಕೋಣೆ ನಿಶ್ಶಬ್ದವಾಯಿತು. ಆಮೇಲೆ ಕೊಟ್ಟ ನಕ್ಷೆಯನ್ನು ನಾನು ಓದಿದ್ದು ನನಗೆ ಗೊತ್ತಿದ್ದ ಒಂದೇ ವಿದ್ಯೆಯಿಂದ. ಬಲಗಣ್ಣು ಎಂಬ ಸದರಿ ಸ್ವತ್ತಿಗೆ ಚಕ್ಕುಬಂದಿ: ಪೂರ್ವಕ್ಕೆ ಮಂಜು, ಪಶ್ಚಿಮಕ್ಕೆ ಮೂಗು, ಉತ್ತರಕ್ಕೆ ಒಂದಿಷ್ಟು ಬೆಳಕು, ದಕ್ಷಿಣಕ್ಕೆ ಏನೂ ಇಲ್ಲ. ಇದರ ಮಧ್ಯೆ ಇರುವುದೆಲ್ಲ ಕತ್ತಲೆ.

ಡಾಕ್ಟರು ನಮಗೆ ಮಗಳಾಗುವಷ್ಟು ವಯಸ್ಸಿನ ಹೆಂಗಸು. ಮಾತು ಮೆತ್ತಗೆ, ಆದರೆ ಸುತ್ತಿ ಬಳಸಿ ಮಾತಾಡುವವರಲ್ಲ.

"ನಮ್ಮನ್ನ ಕಾಯಬೇಕಾದ ರಕ್ತದ ಸೈನ್ಯವೇ ಕೆಲವು ಸಲ ದಾರಿ ತಪ್ಪಿ ನಮ್ಮ ನರಕ್ಕೆ ಹೊಡೆಯುತ್ತೆ. ಹಾಗೆ ಹೊಡೆಯೋದು ಯಾವುದು ಅಂತ ಹುಡುಕ್ತೀವಿ. ಅದಕ್ಕೆ ಆ್ಯಂಟಿಬಾಡಿ ಟೆಸ್ಟ್ ಅಂತಾರೆ."

ಒಡಹುಟ್ಟಿದವರ ಪಾಲು ಪಾರೀಖತ್ತು ಬರೆದೇ ತಲೆ ನರೆತವನಿಗೆ ಇದು ಅರ್ಥವಾಗಲು ಹೊತ್ತು ಹಿಡಿಯಲಿಲ್ಲ. ಹೊರಗಿನವರ ದಾವೆಯಲ್ಲ, ಸ್ವಂತ ರಕ್ತವೇ ಹೂಡಿದ ದಾವೆ.

"ಎರಡು ಮುಖ್ಯ" ಎಂದರು ಡಾಕ್ಟರು. "ಒಂದಕ್ಕೆ ಮಾಗ್ ಅಂತ ಹೆಸರು. ಅದಿದ್ರೆ ದೃಷ್ಟಿ ಸಾಮಾನ್ಯವಾಗಿ ಚೆನ್ನಾಗಿ ವಾಪಸ್ ಬರುತ್ತೆ. ಮತ್ತೆ ಮರುಕಳಿಸಬಹುದು, ಆದ್ರೂ ಔಷಧಿಗೆ ಬಗ್ಗುತ್ತೆ. ಇನ್ನೊಂದು ಅಕ್ವಾಪೊರಿನ್. ಅದು ಕಷ್ಟ. ಹೋದದ್ದು ಪೂರ್ತಿ ಬರೋದು ಕಡಿಮೆ. ಇನ್ನೊಂದು ಕಣ್ಣಿಗೆ ಹೋಗಬಹುದು, ಬೆನ್ನುಹುರಿಗೂ ಹೋಗಬಹುದು."

"ಎರಡೂ ಇಲ್ಲದಿದ್ರೆ?" ಅಂದೆ.

"ಆಗ ಬೇರೆ ಕಾರಣ ಹುಡುಕಬೇಕು. ರಿಪೋರ್ಟ್ ಬರೋಕೆ ಸಮಯ ಹಿಡಿಯುತ್ತೆ. ಅಲ್ಲಿವರೆಗೆ ಕಾಯಲ್ಲ, ಇವತ್ತೇ ಸ್ಟಿರಾಯ್ಡ್ ಡ್ರಿಪ್ ಹಾಕ್ತೀವಿ. ರಕ್ತ ಮಾತ್ರ ಡ್ರಿಪ್‌ಗೆ ಮೊದಲೇ ತೆಗೀತೀವಿ. ಔಷಧಿ ಒಳಗೆ ಹೋದ ಮೇಲೆ ಆ್ಯಂಟಿಬಾಡಿ ಸರಿಯಾಗಿ ಕಾಣಿಸದೇ ಹೋಗಬಹುದು."

ತೀರ್ಪಿಗೆ ಮುಂಚೆಯೇ ಜಪ್ತಿ. ನ್ಯಾಯವಾಗಿಯೇ ಕಂಡಿತು. ಒಂದು ವಾರ ಮುಂಚೆ ಬಂದಿದ್ದರೆ ಏನಾದರೂ ವ್ಯತ್ಯಾಸವಾಗುತ್ತಿತ್ತೇ ಎಂದು ಕೇಳಿದೆ. ಡಾಕ್ಟರು ಪೆನ್ನಿನ ಕ್ಯಾಪು ಮುಚ್ಚಿ, ತೆಗೆದು, "ಬೇಗ ಬಂದಷ್ಟೂ ಒಳ್ಳೆಯದಿತ್ತು" ಅಂದರು. ಕಮಲ, "ನಾವು ಅರಗಿಗೆ ಔಷಧಿ ಮಾಡ್ತಿದ್ವಿ ಡಾಕ್ಟ್ರೇ" ಅಂದಳು. ಅವರಿಗೆ ಅರ್ಥವಾಗಲಿಲ್ಲ. ಅವಳು ಬಿಡಿಸಿಯೂ ಹೇಳಲಿಲ್ಲ.

ಡ್ರಿಪ್ಪಿನ ದಿನಗಳಲ್ಲಿ ಕಮಲಳಿಗೆ ಹಸಿವೋ ಹಸಿವು, ಮಾತೋ ಮಾತು. ಸ್ಟಿರಾಯ್ಡು ನರಕ್ಕೆ ಏನು ಮಾಡಿತೋ ಕಾಣೆ, ಜ್ಞಾಪಕಶಕ್ತಿಗೆ ಮಾತ್ರ ತುಂಬ ಉಪಕಾರ ಮಾಡಿತು. ನಮ್ಮ ಮದುವೆಯಲ್ಲಿ ನನ್ನ ಕಡೆಯವರು ಪಾಯಸದ ಬಗ್ಗೆ ಆಡಿದ ಮಾತುಗಳೆಲ್ಲ ಆಡಿದವರ ಹೆಸರು ಸಮೇತ ಹೊರಬಂದವು. ನಾನು ಎಲ್ಲವನ್ನೂ ಒಪ್ಪಿಕೊಂಡೆ. ನೋವು ಹೋಯಿತು. ಬಲಗಣ್ಣಿನ ಕತ್ತಲೆ ಅಂಚಿನಲ್ಲಿ ಒಸಿ ತೆಳುವಾಗಿ, ಅಲ್ಲಿಗೇ ನಿಂತಿತು.

ಆಮೇಲೆ ಕಾಯುವ ಕಾಲ. ಮನೆಗೆ ಬಂದೆವು. ಮಳೆ ಇನ್ನೂ ಗೊಣಗುತ್ತಲೇ ಇತ್ತು. ಜನ ತಮ್ಮ ಮನೆಗೆ ರೋಗ ಬಾರದಿರಲಿ ಎಂದು ಬೇಡಿಕೊಳ್ಳುತ್ತಾರೆ. ಇಂಥ ಹೆಸರಿನ ರೋಗವೇ ಇರಲಿ ಎಂದು ಬೇಡಿಕೊಂಡ ಮನೆ ಈ ತಾಲೂಕಿನಲ್ಲಿ ನಮ್ಮದೊಂದೇ ಇರಬೇಕು. ಖಲೀಲ್ ಸಾಬರು ಬಂದು ಜಗುಲಿಯ ಮೇಲೆ ಕೂತರು.

"ಯಾವ್ದು ಇರ್ಲಿ ಅಂತ ಕೇಳ್ಬೇಕು ರೈಟ್ರೇ? ಹೆಸ್ರು ಸರ್ಯಾಗ್ ಹೇಳಿ. ನಮಾಜಲ್ಲಿ ತಪ್ಪು ಹೆಸ್ರು ಹೇಳ್ಬುಟ್ರೆ ಕಷ್ಟ."

"ಮಾಗ್" ಅಂದೆ.

"ಮಾಗ್, ಮಾಗ್" ಎಂದು ಬಾಯಿಪಾಠ ಮಾಡಿಕೊಂಡರು. "ಇನ್ನೊಂದು?"

"ಅದರ ಹೆಸರು ಬೇಡ ಬುಡಿ" ಎಂದಳು ಒಳಗಿನಿಂದ ಕಮಲ.

ಒಂದು ಶನಿವಾರ ಬಸ್ಸಿನಲ್ಲಿ ಕೆಂಗಲ್ಲಿಗೆ ಹೋದೆವು. ಅಲ್ಲಿಯ ಆಂಜನೇಯ ಕೆಂಪು ಕಲ್ಲಿನವನು. ಮಂಗಳಾರತಿಯ ಹೊತ್ತಿನಲ್ಲಿ ಎಲ್ಲರೂ ಕಣ್ಣು ಮುಚ್ಚಿ ಕೈ ಮುಗಿದಿದ್ದರೆ ನನ್ನ ಹೆಂಡತಿ ಎಡಗಣ್ಣೊಂದನ್ನೇ ಮುಚ್ಚಿ ದೇವರನ್ನು ಪರೀಕ್ಷೆಗೆ ಹಚ್ಚಿದ್ದಳು.

"ಬೂದಿ ಬಳ್ದಂಗವ್ನೆ ರೀ" ಎಂದಳು ಮೆಲ್ಲಗೆ. ಎಡಗಣ್ಣು ತೆರೆದಳು. "ಇವಾಗ ಬಂದ."

ಪೂಜಾರಿಗಳು ಆರತಿ ತಟ್ಟೆ ಹಿಡಿದು ನಿಂತೇ ಇದ್ದರು. ನಾನು ಇಬ್ಬರ ಪರವಾಗಿಯೂ ಕಣ್ಣಿಗೊತ್ತಿಕೊಂಡೆ.

ರಿಪೋರ್ಟು ಬಂತು, ಬನ್ನಿ ಎಂದು ಫೋನು ಮಾಡಿದರು. ಹೇಳುವುದು ಒಳ್ಳೆಯದಾಗಿದ್ದರೆ ಫೋನಿನಲ್ಲೇ ಹೇಳುತ್ತಿದ್ದರು ಎಂದು ಇಬ್ಬರಿಗೂ ಗೊತ್ತಿತ್ತು. ಡಾಕ್ಟರು ಕಾಗದವನ್ನು ನಮ್ಮ ಕಡೆ ತಿರುಗಿಸಿ ಇಟ್ಟರು. ಬೇಡವೆಂದ ಹೆಸರೇ.

"ಹಂಗಾದ್ರೆ ಇದು ಹೋದ ಲೆಕ್ಕನಾ?" ಎಂದು ಕಮಲ ಬಲಗಣ್ಣನ್ನು ಬೆರಳಿನಿಂದ ತೋರಿಸಿದಳು.

"ಇನ್ನೂ ಒಂದಿಷ್ಟು ತಿಳಿಯಾಗಬಹುದು. ಹೆಚ್ಚು ಆಸೆ ಇಟ್ಕೋಬೇಡಿ. ನಾವೀಗ ಎಡಗಣ್ಣಿಗೆ ಕಾವಲು ಹಾಕಬೇಕು. ಮಾತ್ರೆ, ಆರು ತಿಂಗಳಿಗೊಂದು ಡ್ರಿಪ್. ತಪ್ಪಿಸೋ ಹಾಗಿಲ್ಲ."

"ಎಷ್ಟು ದಿವ್ಸ?"

"ಇರೋವರೆಗೂ."

"ಕಾವಲು ಹಾಕಿದ್ರೆ ಬರಲ್ವಾ?"

"ಬರೋದು ತುಂಬಾ ಕಡಿಮೆಯಾಗುತ್ತೆ. ಬರೋದೇ ಇಲ್ಲ ಅಂತ ನಾನು ಹೇಳೋಕಾಗಲ್ಲ." ಆಮೇಲೆ ಆ ಡಾಕ್ಟರು ನಮ್ಮ ಮನೆಯ ಪ್ರತಿ ಬೆಳಗನ್ನೂ ಬರೆದುಕೊಟ್ಟರು. "ದಿನಾ ಬೆಳಿಗ್ಗೆ ಬಲಗಣ್ಣು ಮುಚ್ಚಿ ಎಡಗಣ್ಣಲ್ಲಿ ಒಂದು ಕೆಂಪು ವಸ್ತು ನೋಡಿ. ಬಣ್ಣ ಪೇಲವ ಅನ್ನಿಸಿದ್ರೆ, ಕಣ್ಣು ಹೊರಳಿಸಿದಾಗ ನೋವು ಬಂದ್ರೆ, ಅವತ್ತೇ ಬನ್ನಿ. ಮಾರನೇ ದಿನ ಅಲ್ಲ."

ವಾಪಸು ಬಸ್ಸಿನಲ್ಲಿ ಬಂದೆವು. ಬಿಡದಿಯಲ್ಲಿ ಇಳಿದು ತಟ್ಟೆ ಇಡ್ಲಿ ತಿನ್ನೋಣ ಅಂದಳು. ಬೇಡವೆನ್ನುವ ಧೈರ್ಯ ನನಗಿರಲಿಲ್ಲ. ಇಡ್ಲಿ ಬಂತು. ಅವಳು ಎಡಗಣ್ಣು ಮುಚ್ಚಿ ತಟ್ಟೆಯನ್ನು ನೋಡಿದಳು, ಬಲಗಣ್ಣು ಮುಚ್ಚಿ ನೋಡಿದಳು.

"ಇಡ್ಲಿಗೆ ತೊಂದ್ರೆ ಇಲ್ಲ ರೀ. ಇದೂ ಬೆಳ್ಳಗೆ, ಅದೂ ಬೆಳ್ಳಗೆ."

ಪೂರ್ತಿ ತಿಂದು, ಚಟ್ನಿಗೆ ಉಪ್ಪು ಸಾಲದೆಂದು ಹೋಟೆಲಿನವನಿಗೆ ಹೇಳಿ, ಕೈ ತೊಳೆಯಲು ಹೋದವಳು ಎಷ್ಟು ಹೊತ್ತಾದರೂ ಬರಲಿಲ್ಲ. ನಲ್ಲಿಯ ನೀರು ಸುಮ್ಮನೆ ಹರಿಯುವ ಸದ್ದು ಕೇಳುತ್ತಿತ್ತು. ನಾನು ಎದ್ದು ಹೋಗಲಿಲ್ಲ. ಇಂಥ ಹೊತ್ತಿನಲ್ಲಿ ಗಂಡನಾದವನು ಹೋಗಬೇಕೋ ಬೇಡವೋ ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ.

ದಸರಾ ಬಂತು, ಹೋಯಿತು. ಮಳೆ ನಿಂತಿತು. ನಸೀಮಾಳ ಹಸಿರು ಬಿಸಿಲಿಗೆ ತಾನಾಗಿ ಸರಿಹೋಯಿತು. ಕಮಲ ಮತ್ತೆ ಲೇತಿಗೆ ಕೂತಳು. ಎಡಗಣ್ಣಿನಲ್ಲಿ ಗುರಿ ಹಿಡಿಯುವುದನ್ನು ಕಲಿಯಹೊರಟವಳ ಕೈ ಎಷ್ಟೋ ದಿನ ತಪ್ಪಿತು, ಉಳಿ ಜಾರಿತು. ಮರಕ್ಕೂ ಉಳಿಗೂ ನಡುವಿನ ದೂರವನ್ನು ಒಂದೇ ಕಣ್ಣು ಅಳೆಯಲಾರದೆ ತಬ್ಬಿಬ್ಬಾಗುತ್ತಿತ್ತು. ಈಗ ಅವಳು ಸಣ್ಣ ಕೆಲಸ ಮಾಡುತ್ತಾಳೆ, ಬುಗುರಿ, ಬಳೆ. ಭರಣಿ ಕಡೆಯುವುದಿಲ್ಲ. ಆ ಮಳೆಗಾಲದ ಕಪ್ಪುಗೆಂಪಿನ ಭರಣಿಗಳನ್ನು ಯಾರೂ ಕೊಳ್ಳಲಿಲ್ಲ. ಅದರಲ್ಲೊಂದು ನಮ್ಮ ಕಿಟಕಿಗೆ ಬಂತು. ದಿನಾ ಬೆಳಿಗ್ಗೆ ಅವಳು ಅದನ್ನು ನೋಡಿ "ಐತೆ" ಅನ್ನುವವರೆಗೂ ನಾನು ಕಾಫಿಯ ಲೋಟ ಬಾಯಿಗಿಡುತ್ತಿರಲಿಲ್ಲ.

ನಿನ್ನೆ ಅವಳು "ಐತೆ" ಅಂದ ಮೇಲೆ ಬೆಕ್ಕು ಅದನ್ನು ಬೀಳಿಸಿತು. ಬಿರುಕು ಬಿಟ್ಟ ಭರಣಿ ಮನೆಯಲ್ಲಿರಬಾರದೆಂದು ಕಮಲ ಕುಂಕುಮದ ಸಮೇತ ಆಚೆ ಹಾಕಿದಳು. ಸುದ್ದಿ ತಿಳಿದ ಖಲೀಲ್ ಸಾಬರು ಸಂಜೆಗೇ ಹೊಸದೊಂದನ್ನು ಕಳಿಸಿದರು. ಇವತ್ತು ಬೆಳಿಗ್ಗೆ ಅದು ತೆಳ್ಳಗಿತ್ತು.

ನಾನು ಹೋದಾಗ ಖಲೀಲ್ ಸಾಬರು ಅರಗು ಕಾಸುತ್ತಿದ್ದರು. ಭರಣಿ ಕೈಗಿಟ್ಟೆ. ಅವರು ನನ್ನ ಮುಖ ನೋಡಿದರು, ಬಾಗಿಲಿಗೆ ಬಂದು ಎಡಗಣ್ಣಿನಲ್ಲಿ ಭರಣಿ ನೋಡಿದರು.

"ತೆಳ್ಳಗೈತೆ" ಅಂದರು. "ಬಣ್ಣ ಕೊಡೋನು ಬದಲಾಗವ್ನೆ. ನೆನ್ನೆ ಕರೆಂಟ್ ಇರ್ಲಿಲ್ಲ, ನೋಡ್ದೆ ಕಳಿಸ್ಬುಟ್ಟೆ."

ಖಲೀಲ್ ಸಾಬರು ಒಳ್ಳೆಯವರು. ಒಳ್ಳೆಯವರು ಇಂಥ ಹೊತ್ತಿನಲ್ಲಿ ಸುಳ್ಳು ಹೇಳಬಲ್ಲರು. ಒಬ್ಬನೇ ಸಾಕ್ಷಿಯ ಪತ್ರವನ್ನು ನಾನು ಎಂದೂ ನೋಂದಣಿಗೆ ಒಯ್ದವನಲ್ಲ. ಭರಣಿಯನ್ನು ನಸೀಮಾಳ ಮುಂದೆ ಹಿಡಿದು, "ಈ ಬಣ್ಣ ಹೆಂಗೈತಮ್ಮ?" ಅಂದೆ, ಕೊಳ್ಳಲು ಬಂದವನಂತೆ.

"ಇದ್ರಲ್ಲಿ ಕೆಂಪೆಲ್ಲೈತೆ ರೈಟ್ರೇ. ತೊಳ್ದು ತೊಳ್ದು ಹಳೇದಾದ ಸೀರೆ ಇದ್ದಂಗೈತೆ."

ಎರಡು ಸಾಕ್ಷಿಯಾಯಿತು. ಅಲ್ಲೇ ಮರದ ತುಂಡಿನ ಮೇಲೆ ಕೂತುಬಿಟ್ಟೆ. ಖಲೀಲ್ ಸಾಬರು ನೀರು ತಂದುಕೊಟ್ಟರು. ಇನ್ನು ಮುಂದೆ ಈ ಊರಿನಲ್ಲಿ ಬಣ್ಣದ ಅಂಗಡಿಯವನು ಮೋಸ ಮಾಡಿದಾಗಲೆಲ್ಲ ನನ್ನ ಎದೆ ನಿಲ್ಲಬೇಕು, ಅದು ಮೋಸವೇ ಎಂದು ತಿಳಿದಾಗ ನಾನು ಸಂತೋಷಪಡಬೇಕು. ಈ ಕರಾರಿಗೆ ಅವಧಿಯಿಲ್ಲ.

ಮನೆಗೆ ಬಂದಾಗ ಹಾಲು ತಣ್ಣಗಾಗಿತ್ತು. ಕಮಲ ಅಡುಗೆಮನೆಯ ನೆಲದ ಮೇಲೆ ಕೂತಿದ್ದಳು. ಎದುರಿಗೆ ಒಣಮೆಣಸಿನಕಾಯಿ, ಎರಡು ಟೊಮೆಟೊ, ನನ್ನ ಕೆಂಪು ಮಸಿಯ ಪೆನ್ನು, ಅವಳ ಧಾರೆಯ ಸೀರೆ. ಗ್ಯಾಸ್ ಸಿಲಿಂಡರನ್ನು ಒಲೆಕಟ್ಟೆಯ ಕೆಳಗಿನಿಂದ ಬೆಳಕಿಗೆ ಎಳೆದುಕೊಂಡಿದ್ದಳು.

"ಬಣ್ಣದ್ದೇ ಕಣೆ" ಅಂದೆ. "ಸಾಬ್ರೂ ಅಂದ್ರು, ನಸೀಮಾನೂ ಅಂದ್ಲು."

"ನಾನ್ ಹೇಳ್ನಿಲ್ವಾ" ಅಂದಳು. "ಸಿಲಿಂಡರ್ ಕೆಂಪಗೇ ಐತೆ."

ಅಂಗೈಯನ್ನು ಮಾತ್ರ ಬಲಗಣ್ಣಿನಿಂದ ಇನ್ನೂ ತೆಗೆದಿರಲಿಲ್ಲ.